ಹಂಪಿಗೆ ಡಿಸೆಂಬರಿನಲ್ಲೇ ಏಕೆ?



ಹಂಪಿಗೆ ಯಾವ ಕಾಲದಲ್ಲಿ ಹೋಗಬೇಕೆಂದು ಕೇಳಿದರೆ ಎಲ್ಲೆಡೆಯೂ ಒಂದೇ ಸಿದ್ಧ ಉತ್ತರ: ಅಕ್ಟೋಬರಿನಿಂದ ಫೆಬ್ರವರಿ. ಪ್ರವಾಸದ ಕೈಪಿಡಿಗಳಲ್ಲಿ ಅದೇ, ಟ್ರಾವೆಲ್ಸಿನವರ ಬಾಯಲ್ಲಿ ಅದೇ. ನಮ್ಮ ಮಾಯಸಂದ್ರ, ತುರುವೇಕೆರೆ, ತಿಪಟೂರು ಕಡೆಯ ಶಾಲೆಗಳೂ ಇದನ್ನೇ ವೇದವಾಕ್ಯವೆಂದು ನಂಬಿ, ಡಿಸೆಂಬರ್ ಬಂದೊಡನೆ ಬಸ್ಸು ಗೊತ್ತುಮಾಡುತ್ತವೆ. ಈ ಉತ್ತರವನ್ನು ನಾನು ಒಪ್ಪಲಾರೆ. ನಮ್ಮ ಮೈಗೆ ಯಾವಾಗ ಹಿತ ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರವೇ. ಆದರೆ ಆ ನಗರವನ್ನು ಯಾವಾಗ ಅರಿಯಬಹುದು ಎಂಬುದು ಬೇರೆಯೇ ಪ್ರಶ್ನೆ.

ವಿಜಯನಗರವನ್ನು ಕಲ್ಲಿನ ನಗರವೆನ್ನುವುದು ರೂಢಿ. ವಾಸ್ತವದಲ್ಲಿ ಅದು ನೀರಿನ ನಗರ. ಮಳೆ ಕಡಮೆಯಾದ ಬಂಡೆಗಳ ನಾಡಿನಲ್ಲಿ ಅಷ್ಟು ಜನ ಬದುಕಿದ್ದು ತುಂಗಭದ್ರೆಗೆ ಒಡ್ಡು ಕಟ್ಟಿ ತೋಡಿದ ಕಾಲುವೆಗಳಿಂದ, ಕಮಲಾಪುರದ ಕೆರೆಯಿಂದ, ಅರಮನೆಯ ಆವರಣದವರೆಗೆ ಕಲ್ಲುಕಂಬಗಳ ಮೇಲೆ ಹರಿದ ತೂಬುಕಾಲುವೆಗಳಿಂದ. ತುರ್ತು ಕಾಲುವೆ ಇಂದಿಗೂ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಕೆರೆ ಕೋಡಿ ಬೀಳುವುದನ್ನು ಕಾದು ಕುಳಿತ ತೆಂಗಿನ ಸೀಮೆಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ, ತೋರಿಸಿದರೆ ಸಾಕು. ಹಾಗೆ ತೋರಿಸಲು ತಕ್ಕ ಕಾಲ ಶ್ರಾವಣದಿಂದ ಆಶ್ವಯುಜದವರೆಗೆ. ಆಗ ಗುಡ್ಡಗಳು ಹಸಿರುಟ್ಟಿರುತ್ತವೆ. ಮಲೆನಾಡಿನಲ್ಲಿ ಮಳೆ ಹಿಡಿದು, 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ನೀರು ಬಿಟ್ಟಾಗ ನದಿ ಉಕ್ಕಿ ಪುರಂದರ ಮಂಟಪ ಮುಳುಗುತ್ತದೆ. ಹಂಪಿಯಲ್ಲಿ ಹನಿ ಬೀಳದ ದಿನವೂ ಪ್ರವಾಹ ಬರಬಹುದೆಂಬ ಭೂಗೋಳದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಕಲಿಸೀತು?

ಇನ್ನು ಆ ನಗರದವರೇ ಯಾವ ಕಾಲವನ್ನು ಆರಿಸಿಕೊಂಡಿದ್ದರು ನೋಡಿ. ಅವರ ಮಹೋತ್ಸವ ಮಹಾನವಮಿ. ಮಳೆಗಾಲ ಮುಗಿಯುತ್ತ ಬಂದು ದಂಡಯಾತ್ರೆಯ ಕಾಲ ಆರಂಭವಾಗುವ ಸಂಧಿ. 1443ರಲ್ಲಿ ಬಂದ ಅಬ್ದುರ್ ರಜಾಕ್, 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್ ಇಬ್ಬರೂ ಬೆರಗಾಗಿ ಬರೆದದ್ದು ಆ ಉತ್ಸವವನ್ನು ಕುರಿತು. ವಿರೂಪಾಕ್ಷನ ಪಂಚಾಂಗವೋ ಬೇರೆ: ಫಲಪೂಜೆ ಮಾರ್ಗಶಿರದಲ್ಲಿ, ತೇರು ಸುಡುಬಿಸಿಲಿನ ಚೈತ್ರದಲ್ಲಿ. ಅಂದರೆ ಆ ಊರಿಗೆ ವರ್ಷವಿಡೀ ಬಾಳಿದೆ. ಐದು ತಿಂಗಳ ‘ಸೀಸನ್’ ಎಂಬುದು ನಾವು ಹೊರಿಸಿದ್ದು. ಸರ್ಕಾರದ ಹಂಪಿ ಉತ್ಸವಕ್ಕಂತೂ ನೆಲೆಯಾದ ತಿಥಿಯೇ ಇಲ್ಲ. ಹಿಂದೆ ನವೆಂಬರಿನಲ್ಲಿ ನಡೆಯುತ್ತಿದ್ದದ್ದು 2023ರಲ್ಲಿ ಜನವರಿಯ ಕೊನೆಗೆ, 2024ರಲ್ಲಿ ಫೆಬ್ರವರಿಯ ಮೊದಲಿಗೆ, 2025ರಲ್ಲಿ ಫೆಬ್ರವರಿಯ ಕೊನೆಗೆ ಸರಿಯಿತು.

ಜಪಾನಿನ ಪ್ರಾಚೀನ ರಾಜಧಾನಿ ಕ್ಯೋಟೋದಲ್ಲಿಯೂ ಇದೇ ಕಥೆ. ಏಪ್ರಿಲಿನ ಚೆರ್ರಿ ಹೂವಿಗೆ, ನವೆಂಬರಿನ ಕೆಂಪೆಲೆಗೆ ಜಗತ್ತೇ ನುಗ್ಗಿ, ಊರಿನವರಿಗೇ ಸಿಟಿ ಬಸ್ಸಿನಲ್ಲಿ ಸ್ಥಳವಿಲ್ಲದಂತಾಗಿದೆ. ಒಳ್ಳೆಯ ಕಾಲವೆಂದು ಎಲ್ಲರೂ ಒಂದೇ ಕಾಲವನ್ನು ಹಿಡಿದರೆ ಆ ಕಾಲದ ಒಳ್ಳೆಯತನವೇ ಹೋಗುತ್ತದೆ.

ನನ್ನ ನಿಜವಾದ ತಕರಾರು ಮಕ್ಕಳ ಪರವಾದದ್ದು. ನಮ್ಮ ಕಡೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಬೆಳಿಗ್ಗೆ ಹಂಪಿ, ಸಂಜೆ ಡ್ಯಾಮು, ಮರುದಿನ ಬಾದಾಮಿ–ಪಟ್ಟದಕಲ್ಲು, ಆಮೇಲೆ ಗೋಲಗುಮ್ಮಟ! ಡಿಸೆಂಬರಿನ ಜಾತ್ರೆಯಂಥ ಜನಸಂದಣಿಯಲ್ಲಿ ಮೇಷ್ಟ್ರಿಗೆ ತಲೆ ಎಣಿಸುವುದೇ ಕೆಲಸ. ಮಗು ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತದೆ. ವಿರೂಪಾಕ್ಷ ದೇಗುಲದ ಕತ್ತಲೆಯ ಗೋಡೆಯ ಮೇಲೆ ಗೋಪುರದ ನೆರಳು ಏಕೆ ತಲೆಕೆಳಗಾಗಿ ಬಿದ್ದಿದೆಯೆಂದು ನಿಂತು ಯೋಚಿಸಲು ಅದಕ್ಕೆ ಎರಡು ನಿಮಿಷ ಸಿಗುವುದಿಲ್ಲ. ಅಪ್ಪ ಕೊಬ್ಬರಿ ಮಾರಿ ಕೊಟ್ಟ ಹಣದಲ್ಲಿ ಮಗು ಕೊಂಡು ತಂದದ್ದು ಬರೀ ಆಯಾಸ.

‘ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಹೊಳೆ ಅಪಾಯ’ ಎನ್ನುವಿರಿ. ನಿಜ. ನೀರು ಬಿಟ್ಟಾಗ ಹರಿಗೋಲು ನಿಲ್ಲುತ್ತದೆ, ನಿಲ್ಲಲೂ ಬೇಕು. ಮಕ್ಕಳನ್ನು ದಡಕ್ಕೂ ಮಾತಂಗ ಬೆಟ್ಟಕ್ಕೂ ಕರೆದೊಯ್ಯಬೇಡಿ. ಮಹಾನವಮಿ ದಿಬ್ಬ, ಮೆಟ್ಟಿಲುಗಳ ಪುಷ್ಕರಣಿ, ಹಜಾರರಾಮ, ಕಮಲಮಹಲು, ಆನೆಲಾಯ ಇವೆಲ್ಲ ನದಿಯಿಂದ ದೂರವಿವೆ. ಒಂದು ದಿನಕ್ಕೆ ಅಷ್ಟೇ ಧಾರಾಳ. ‘ಮಳೆಗೆ ನೆನೆದರೆ?’ ಎನ್ನುವವರಿಗೆ, ಅದು ಆಗುಂಬೆಯಲ್ಲ, ಬಯಲುಸೀಮೆ, ಕೊಡೆಯೊಂದು ಸಾಕು. ಬೇಸಿಗೆ ರಜೆಯ ಪ್ರಯಾಣವನ್ನು ಮಾತ್ರ ನಾನೂ ಬೇಡವೆನ್ನುತ್ತೇನೆ. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಕಾದ ಬಂಡೆಗಳ ನಡುವೆ ಎಳೆಯರನ್ನೂ ವೃದ್ಧರನ್ನೂ ನಡೆಸುವುದು ವಿವೇಕವಲ್ಲ.

ಆದ್ದರಿಂದ ನನ್ನ ತೀರ್ಮಾನ: ಗೌರಿ–ಗಣೇಶ ಕಳೆದ ಮೇಲೆ, ದಸರಾ ರಜೆಯ ನೂಕುನುಗ್ಗಲಿಗೆ ಮುನ್ನ, ವಾರದ ನಡುವಣ ಎರಡು ದಿನ. ಆ ಎರಡೂ ದಿನ ಹಂಪಿಗೇ ಮೀಸಲು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಥಳಕ್ಕೆ ಎರಡು ದಿನ ಕೊಡುವುದು ದುಂದಲ್ಲ.

ನನ್ನ ಶಿಷ್ಯರಲ್ಲಿ ಈಗ ಮುಖ್ಯೋಪಾಧ್ಯಾಯರಾಗಿರುವವರು ಇದ್ದೀರಿ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟು ಉಂಡೆ ಕೊಬ್ಬರಿ ಮಾಡುವ ಜನ ನಾವು. ಯಾವುದಕ್ಕೆ ಎಷ್ಟು ಕಾಲ ಬೇಕೆಂಬುದನ್ನು ನಮಗೆ ಬೇರೆಯವರು ಹೇಳಿಕೊಡಬೇಕೆ? ಈ ವರ್ಷದ ಪ್ರವಾಸದ ಪಟ್ಟಿಯಿಂದ ಮೂರು ಊರುಗಳನ್ನು ಹೊಡೆದುಹಾಕಿ, ತಿಂಗಳನ್ನು ಬದಲಿಸಿ ನೋಡಿ. ಮಕ್ಕಳು ಬರೆಯುವ ಪ್ರಬಂಧಗಳೇ ನಮ್ಮ ವಾದವನ್ನು ತೀರ್ಮಾನಿಸಲಿ.