ಗಾಡಿ ತಗ್ಗಿತು, ಷಾಕು ತಗ್ಗಿತೇ?

ಅಮೆರಿಕಾ ದೇಶದ ರೈತನಿಗೂ ಬಡಗಿಗೂ ಪಿಕಪ್ ಟ್ರಕ್ಕೆಂಬುದು ಮನೆಯ ಎತ್ತಿನ ಜೋಡಿಯಿದ್ದಂತೆ. ಮುಂದೆ ಇಬ್ಬರು ಮೂವರು ಕೂಡುವ ಗೂಡು, ಹಿಂದೆ ತೆರೆದ ತೊಟ್ಟಿ. ಹುಲ್ಲು, ಮರ, ಗೊಬ್ಬರ, ಕರು, ಏನನ್ನು ಹೇರಿದರೂ ಬೇಡವೆನ್ನದೆ ಹೊರುವ ಗಾಡಿ ಅದು. ಇಂತಹ ದುಡಿಮೆಯ ಗಾಡಿಗೆ ಮುಪ್ಪಿನಲ್ಲಿ ಒಂದು ವಿಚಿತ್ರ ಭಾಗ್ಯ ಒದಗುವುದುಂಟು. ತಂದೆ ದುಡಿಸಿದ ಟ್ರಕ್ಕನ್ನು ಮಗನು ಒಪ್ಪಮಾಡಿ, ಹೊಸ ಬಣ್ಣ ಬಳಿಸಿ, ಹೊಟ್ಟೆ ನೆಲಕ್ಕೆ ತಾಗೀತೋ ಏನೋ ಎನ್ನುವಷ್ಟು ತಗ್ಗಿಸಿ, ಭಾನುವಾರದ ಸಂಜೆ ಬೀದಿಯಲ್ಲಿ ಮೆಲ್ಲಗೆ ಮೆರೆಸುತ್ತಾನೆ.

ಗಾಡಿಯನ್ನು ತಗ್ಗಿಸುವ ಈ ಶೋಕಿ ಎರಡನೆಯ ಮಹಾಯುದ್ಧದ ತರುವಾಯ ಕ್ಯಾಲಿಫೋರ್ನಿಯಾದಲ್ಲಿ, ಅದರಲ್ಲಿಯೂ ಮೆಕ್ಸಿಕನ್ ಮೂಲದ ತರುಣರ ನಡುವೆ, ಬಲವಾಗಿ ಬೇರೂರಿತು. ಸರ್ಕಾರಕ್ಕೆ ಅದು ಹಿಡಿಸಲಿಲ್ಲ. ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಗಾಡಿಯ ಯಾವ ಭಾಗವೂ ಕೆಳಗಿಳಿಯಕೂಡದೆಂದು 1950ರ ದಶಕದ ಕೊನೆಯಲ್ಲಿ ಆ ರಾಜ್ಯದಲ್ಲಿ ಕಾಯಿದೆಯೇ ಆಯಿತು. ಅದನ್ನು ತೆಗೆದುಹಾಕುವ ಶಾಸನಕ್ಕೆ ಸಹಿಯಾದದ್ದು 2023ರಲ್ಲಿ. ಅದು ಜಾರಿಗೆ ಬಂದದ್ದು 2024ರ ಜನವರಿ 1ರಂದು. ಕಾಯಿದೆಯ ತಡೆ ಹೋಯಿತು, ನಿಜ. ಆದರೆ ಗಾಡಿಯ ಅಡಿಯಲ್ಲಿರುವ ಉಕ್ಕಿನ ಕಾಯಿದೆಗಳನ್ನು ಯಾವ ಶಾಸನಸಭೆಯೂ ರದ್ದುಮಾಡಲಾರದು. ಅವುಗಳನ್ನು ಅಲಕ್ಷಿಸಿದವನ ಗಾಡಿ ನಿಂತಾಗ ಸುಂದರ, ಹೊರಟಾಗ ಅಪಾಯಕರ.

ಹೀಗೆ ತಗ್ಗಿಸುವವರಿಗೆ ಬಹು ಪ್ರಿಯವಾದ ಟ್ರಕ್ಕುಗಳಲ್ಲಿ ಷೆವರ್ಲೆ ಕಂಪನಿಯ ಸಿ-10 ಒಂದು. 1960ರ ಮಾದರಿಯಾಗಿ ಹೊರಬಂದ ಈ ಗಾಡಿಗೆ 1963ರಿಂದ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗುಗಳು ಬಂದವು. 1967ರಿಂದ 1972ರವರೆಗಿನ ಮಾದರಿಗಳ ಮೇಲಂತೂ ಅಭಿಮಾನಿಗಳಿಗೆ ಎಲ್ಲಿಲ್ಲದ ಮೋಹ. ಇದರ ಮುಂದಿನ ಪ್ರತಿಯೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತವೆ. ಕೆಳತೋಳಿಗೂ ಚೌಕಟ್ಟಿಗೂ ನಡುವೆ ಸುರುಳಿ ಸ್ಪ್ರಿಂಗು. ಅದರ ಪಕ್ಕದಲ್ಲಿ ಷಾಕ್ ಅಬ್ಸಾರ್ಬರ್, ಅಂದರೆ ಕಾರ್ಖಾನೆಯವರ ಬಾಯಲ್ಲಿ ಬರಿಯ ಷಾಕು.

ಈ ಹೆಸರೇ ಅನೇಕರನ್ನು ದಾರಿತಪ್ಪಿಸಿದೆ. ಗಾಡಿಯ ಭಾರವನ್ನು ಹೊರುವುದೂ ಕುಲುಕನ್ನು ಮೊದಲು ತಾಳುವುದೂ ಸ್ಪ್ರಿಂಗು. ಹಳ್ಳಕ್ಕೆ ಬಿದ್ದ ಚಕ್ರ ಮೇಲೆದ್ದಾಗ ಸ್ಪ್ರಿಂಗು ಕುಗ್ಗುತ್ತದೆ, ಮರುಕ್ಷಣ ಹಿಗ್ಗುತ್ತದೆ, ಮತ್ತೆ ಕುಗ್ಗುತ್ತದೆ. ತಡೆಯುವವರಿಲ್ಲದಿದ್ದರೆ ತಳ್ಳಿಬಿಟ್ಟ ಉಯ್ಯಾಲೆಯಂತೆ ಗಾಡಿ ಬಹಳ ಹೊತ್ತು ತೂಗಾಡುತ್ತದೆ. ಆ ತೂಗಾಟವನ್ನು ಅಡಗಿಸುವುದೇ ಷಾಕಿನ ಕೆಲಸ. ಎಣ್ಣೆ ತುಂಬಿದ ಕೊಳವೆಯಲ್ಲಿ ಒಂದು ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಸರಿಯುವಾಗ, ಎಣ್ಣೆಯು ಕಿರುರಂಧ್ರಗಳ ಮೂಲಕ ಕಷ್ಟಪಟ್ಟು ನುಸುಳುತ್ತದೆ. ತೂಗಾಟದ ಶಕ್ತಿಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಕರಗುತ್ತದೆ. ಈ ಸೇವೆ ತಪ್ಪಿದರೆ ಚಕ್ರ ನೆಲವನ್ನು ಬಿಟ್ಟು ಪುಟಿಯುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಷಾಕಿನ ಆಯ್ಕೆ ಬರಿಯ ಸುಖದ ಮಾತಲ್ಲವೆಂಬುದಕ್ಕೆ ಇಷ್ಟು ಸಾಕು.

ಇನ್ನು ತಗ್ಗಿಸಿದ ಗಾಡಿಗೆ ಎಂತಹ ಷಾಕು ಬೇಕು? ಇದಕ್ಕೆ ಉತ್ತರ ಹೇಳುವ ಮುನ್ನ, ಗಾಡಿಯನ್ನು ತಗ್ಗಿಸಿದ್ದು ಹೇಗೆ ಎಂದು ಕೇಳಬೇಕು. ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು ಸ್ಪಿಂಡಲ್ಲನ್ನು ಬದಲಿಸುವುದು. ಹೊಸ ಸ್ಪಿಂಡಲ್ಲಿನಲ್ಲಿ ಚಕ್ರ ಕೂಡುವ ಅಚ್ಚು ಸುಮಾರು 2.5 ಅಂಗುಲ ಮೇಲಕ್ಕಿರುತ್ತದೆ. ಆದ್ದರಿಂದ ಗಾಡಿ ಅಷ್ಟೇ ಕೆಳಗಿಳಿಯುತ್ತದೆ. ಇಲ್ಲಿ ತೋಳುಗಳಾಗಲಿ ಸ್ಪ್ರಿಂಗಾಗಲಿ ತಮ್ಮ ಮೊದಲಿನ ನೆಲೆಯಿಂದ ಕದಲುವುದಿಲ್ಲ. ಹಾಗಾಗಿ ಷಾಕಿನ ಉದ್ದವೂ ಕಂಪನಿಯವರು ಇಟ್ಟಷ್ಟೇ ಇದ್ದರೆ ಸರಿ. ತಗ್ಗಿದ ಗಾಡಿಗೆಲ್ಲ ಗಿಡ್ಡ ಷಾಕೇ ಬೇಕೆಂದು ನಂಬಿ ಹಣ ತೆರುವವರು ಇದನ್ನು ಗಮನಿಸಬೇಕು.

ಎರಡನೆಯದು ಗಿಡ್ಡ ಸ್ಪ್ರಿಂಗನ್ನು ಹಾಕುವ ಮಾರ್ಗ. ತೊಡಕು ಇರುವುದು ಇಲ್ಲಿ. ತೋಳು ಮೇಲಕ್ಕೆ ಬಾಗಿ ನಿಲ್ಲುತ್ತದೆ. ಗಾಡಿ ಸುಮ್ಮನೆ ನಿಂತಿರುವಾಗಲೇ ಷಾಕು ಅರ್ಧ ಮಡಿಚಿಕೊಂಡಿರುತ್ತದೆ. ತೋಳು ಮಿತಿಮೀರಿ ಮೇಲೇಳದಂತೆ ತಡೆಯಲು ರಬ್ಬರಿನ ಬಂಪ್ ಸ್ಟಾಪ್ ಒಂದುಂಟು. ತಗ್ಗಿದ ಗಾಡಿಯಲ್ಲಿ ಆ ರಬ್ಬರು ತೋಳಿಗೆ ತೀರ ಹತ್ತಿರವಾಗಿ, ಸಣ್ಣ ಉಬ್ಬಿಗೂ ತಗುಲಿ ದಡಕ್ಕೆನ್ನುತ್ತದೆ. ಒಡೆಯನು ಬೇಸತ್ತು ರಬ್ಬರನ್ನು ಕತ್ತರಿಸುತ್ತಾನೆ. ಸಂಕಟಕ್ಕೆ ಬೀಜ ಬಿದ್ದದ್ದು ಆ ಗಳಿಗೆಯಲ್ಲಿಯೇ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಷಾಕಿನ ಕೆಳತುದಿ ತೋಳಿನ ನಡುಮಧ್ಯದಲ್ಲಿದೆ ಎಂದು ಭಾವಿಸೋಣವಾಗಲಿ. ಚಕ್ರ 2 ಅಂಗುಲ ಎದ್ದರೆ ಷಾಕು ಕುಗ್ಗುವುದು 1 ಅಂಗುಲ. ಪೂರ್ತಿ ಮಡಿಚಿದಾಗ ಷಾಕಿನ ಉದ್ದ 9 ಅಂಗುಲ. ಗಾಡಿ ಮೊದಲಿನ ಎತ್ತರದಲ್ಲಿ ನಿಂತಾಗ 11.5 ಅಂಗುಲ, ರಬ್ಬರು ತಗುಲುವಾಗ 9.5 ಅಂಗುಲ. ಹಾಗಿದ್ದರೆ ಚಕ್ರಕ್ಕೆ ರಬ್ಬರು ತಗುಲುವ ಮುನ್ನ 4 ಅಂಗುಲದ ಅವಕಾಶವಿತ್ತು. ಈಗ ಸ್ಪ್ರಿಂಗಿನಿಂದ ಗಾಡಿಯನ್ನು 3 ಅಂಗುಲ ತಗ್ಗಿಸಿದರೆ ಷಾಕು 10 ಅಂಗುಲಕ್ಕೆ ಇಳಿಯುತ್ತದೆ. ಚಕ್ರಕ್ಕೆ ಉಳಿದದ್ದು 1 ಅಂಗುಲ. ರಬ್ಬರನ್ನು ಕತ್ತರಿಸಿ, ಷಾಕು 8.5 ಅಂಗುಲಕ್ಕೆ ಬರುವವರೆಗೆ ತೋಳನ್ನು ಬಿಟ್ಟನೆಂದಿಟ್ಟುಕೊಳ್ಳಿ. ಆದರೆ 9 ಅಂಗುಲದಲ್ಲಿಯೇ ಷಾಕಿನ ಪಿಸ್ಟನ್ನು ತಳ ಮುಟ್ಟಿತು! ರಬ್ಬರು ತಿನ್ನಬೇಕಾದ ಪೆಟ್ಟನ್ನು ಇನ್ನು ಮೇಲೆ ಷಾಕು ತಿನ್ನಬೇಕು. ಒಳಗಿನ ಕವಾಟ ಒಡೆಯುವುದು, ದಂಡ ಬಾಗುವುದು, ಎಣ್ಣೆ ಸೋರುವುದು, ಚೌಕಟ್ಟಿನ ಕಿವಿ ಬಿರಿಯುವುದು ಇವೆಲ್ಲ ತರುವಾಯದ ಕಥೆ. ಈ ಗಾಡಿಗೆ ಮಡಿಚಿದಾಗ 8 ಅಂಗುಲಕ್ಕೆ ಮೀರದ ಷಾಕನ್ನೇ ಆರಿಸಬೇಕು. ಯಾವ ಸ್ಥಿತಿಯಲ್ಲಿಯೂ ರಬ್ಬರು ಮೊದಲು ತಗುಲಬೇಕು, ಷಾಕು ಎಂದಿಗೂ ತಳ ಮುಟ್ಟಬಾರದು. ಇದೇ ಮೂಲಸೂತ್ರ.

ಹಾಗೆಂದು ಅತಿ ಗಿಡ್ಡವೂ ಸಲ್ಲದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ತಿರುವುಮುರುವಾಗಿ ಸಲ್ಲುತ್ತದೆ: ತೋಳು ಚಾಚುವಷ್ಟು ಷಾಕೂ ಚಾಚಬೇಕು. ಜಾಕಿನ ಮೇಲೆ ಗಾಡಿಯನ್ನು ಎತ್ತಿದಾಗಲೋ ಹಳ್ಳದ ಮೇಲೆ ಹಾಯ್ದಾಗಲೋ ಚಕ್ರ ಕೆಳಗೆ ಜೋತುಬೀಳುತ್ತದೆ. ಆಗ ಷಾಕಿನ ಉದ್ದ ಸಾಲದಿದ್ದರೆ ಚಕ್ರದ ತೂಕವೆಲ್ಲ ಅದರ ಕಿವಿಗೆ ನೇತುಬಿದ್ದು ಎಳೆಯುತ್ತದೆ.

ಆದ್ದರಿಂದ ಅಂಗಡಿಯ ಪಟ್ಟಿಯನ್ನು ನೋಡುವ ಮುನ್ನ ಗಾಡಿಯನ್ನು ಅಳೆಯುವುದು ಲೇಸು. ಷಾಕಿನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವಣ ದೂರವನ್ನು ಮೂರು ಸ್ಥಿತಿಗಳಲ್ಲಿ ಗುರುತುಹಾಕಿಕೊಳ್ಳಬೇಕು: ಗಾಡಿ ನೆಲದ ಮೇಲೆ ನಿಂತಾಗ, ತೋಳು ರಬ್ಬರಿಗೆ ಒತ್ತಿದಾಗ, ತೋಳು ಪೂರ್ತಿ ಜೋತಾಗ. ಕೊನೆಯ ಎರಡನ್ನು ಸ್ಪ್ರಿಂಗು ಕಳಚಿ ಅಳೆಯಬೇಕಾಗುತ್ತದೆ. ಎಚ್ಚರ ಬೇಕಾದದ್ದು ಇಲ್ಲಿಯೇ. ಅದುಮಿದ ಸ್ಪ್ರಿಂಗು ತಪ್ಪಿ ಹಾರಿದರೆ ಆಳಿನ ಜೀವವನ್ನೇ ತೆಗೆದೀತು. ತಕ್ಕ ಸಲಕರಣೆಯಿಲ್ಲದೆ ಅದಕ್ಕೆ ಕೈಹಾಕಕೂಡದು. ಬರಿಯ ಜಾಕನ್ನು ನಂಬಿ ಗಾಡಿಯ ಅಡಿಗೆ ನುಸುಳಲೂ ಕೂಡದು.

ಉದ್ದ ನಿಶ್ಚಯವಾದ ಮೇಲೆ ಜಾತಿಯ ಪ್ರಶ್ನೆ. ಒಂದರೊಳಗೊಂದು ಎರಡು ಕೊಳವೆಗಳಿರುವ ಷಾಕು ಹಳೆಯ ಬಗೆ. ಬೆಲೆ ಕಡಿಮೆ, ನಡೆ ಮೃದು. ಹೊರಕೊಳವೆ ಕಲ್ಲು ಬಡಿದು ತುಸು ನೆಗ್ಗಿದರೂ ಕೆಲಸ ಕೆಡದು. ಆದರೆ ದೀರ್ಘ ಪಯಣದ ಒರಟು ರಸ್ತೆಯಲ್ಲಿ ಎಣ್ಣೆ ಕಾದು ನೊರೆಯಾಗಿ, ಬಿಗಿ ಕಳೆದುಕೊಳ್ಳುವುದುಂಟು. ನೈಟ್ರೊಜನ್ ಅನಿಲವನ್ನು ಕಡಿಮೆ ಒತ್ತಡದಲ್ಲಿ ತುಂಬಿದರೆ ಈ ದೋಷ ಬಹುಮಟ್ಟಿಗೆ ತಗ್ಗುತ್ತದೆ. ಒಂದೇ ಕೊಳವೆಯ ಷಾಕು ಫ್ರಾನ್ಸಿನ ದ ಕಾರ್ಬೋನನ ಕಲ್ಪನೆ. ಅದನ್ನು 1957ರಲ್ಲಿ ಜರ್ಮನಿಯ ಬಿಲ್‌ಸ್ಟೈನ್ ಸಂಸ್ಥೆ ಮರ್ಸಿಡಿಸ್-ಬೆಂಜ್ ಕಾರುಗಳಿಗೆ ಒದಗಿಸಿತು. ಇದರಲ್ಲಿ ಎಣ್ಣೆಯನ್ನೂ ಒತ್ತಡದ ಅನಿಲವನ್ನೂ ತೇಲುವ ಪಿಸ್ಟನ್ನೊಂದು ಬೇರ್ಪಡಿಸಿರುತ್ತದೆ. ನೊರೆಯ ಕಾಟವಿಲ್ಲ, ಬಿಸಿ ಬೇಗ ಹೊರಹೋಗುತ್ತದೆ. ಆದರೆ ಅನಿಲದ ಕೋಣೆಗೂ ಜಾಗ ಬೇಕಾದುದರಿಂದ, ಅಷ್ಟೇ ಓಟಕ್ಕೆ ಈ ಷಾಕಿನ ಮೈ ಹೆಚ್ಚು ಉದ್ದ. ಅಂಗುಲ ಅಂಗುಲಕ್ಕೂ ಕೊರತೆಯಿರುವ ತಗ್ಗಿದ ಗಾಡಿಗೆ ಇದು ಮುಖ್ಯ ವಿಚಾರ. ಕಲ್ಲು ಬಡಿದು ಕೊಳವೆ ನೆಗ್ಗಿದರೆ ಪಿಸ್ಟನ್ನು ಸಿಕ್ಕಿಕೊಳ್ಳುವ ಭಯವೂ ಉಂಟು.

ಬಿಗಿಯ ಮಟ್ಟವನ್ನು ಸ್ಪ್ರಿಂಗೇ ನಿರ್ಣಯಿಸುತ್ತದೆ. ಸುತ್ತುಗಳನ್ನು ಕತ್ತರಿಸಿದ ಸ್ಪ್ರಿಂಗು ಮೊದಲಿಗಿಂತ ಗಡುಸು. ಗಡುಸು ಸ್ಪ್ರಿಂಗು ಜೋರಾಗಿ ಮರಳುವುದರಿಂದ, ಹಿಗ್ಗುವಾಗ ಹೆಚ್ಚು ತಡೆಯುವ ಷಾಕು ಅದಕ್ಕೆ ಬೇಕು. ಸ್ಪ್ರಿಂಗನ್ನು ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸಿದ್ದರಂತೂ ಉಕ್ಕಿನ ಹದವೇ ಹೋಗಿರುತ್ತದೆ. ಅಲ್ಲಿ ಯಾವ ಷಾಕೂ ನೆರವಾಗದು, ಸ್ಪ್ರಿಂಗನ್ನೇ ಎಸೆಯಬೇಕು. ಒಂದು ಸಮಾಧಾನವೆಂದರೆ, ತೊಟ್ಟಿಯ ಹೊರೆ ಬಹುಪಾಲು ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಮುಂದಿನ ಭಾರ ಮುಖ್ಯವಾಗಿ ಎಂಜಿನ್ನಿನದು, ಹೆಚ್ಚು ಏರಿಳಿಯದು. ಆರು ಸಿಲಿಂಡರಿನ ಎಂಜಿನ್ನೋ ದೊಡ್ಡ ವಿ-8 ಎಂಜಿನ್ನೋ ಎಂಬುದನ್ನು ಅಂಗಡಿಯವನಿಗೆ ತಿಳಿಸಿದರೆ ಅರ್ಧ ಪ್ರಶ್ನೆ ಬಗೆಹರಿದಂತೆ.

ಷಾಕುಗಳನ್ನು ಯಾವಾಗಲೂ ಎರಡೂ ಕಡೆ ಒಟ್ಟಿಗೆ ಬದಲಿಸತಕ್ಕದ್ದು. ಹಾಕಿದ ಮೇಲೆ ಮೊದಲ ದಿನ ನಿಧಾನವಾಗಿ ಓಡಿಸಿ, ಚಕ್ರವನ್ನು ಎರಡು ಪಕ್ಕಕ್ಕೂ ಪೂರ್ತಿ ತಿರುಗಿಸಿ, ಕೊಳವೆಯಾಗಲಿ ಬ್ರೇಕಿನ ಹೋಸ್ ಆಗಲಿ ಎಲ್ಲಿಯೂ ಉಜ್ಜುತ್ತಿಲ್ಲವೆಂದು ಕಣ್ಣಾರೆ ಕಂಡುಕೊಳ್ಳಬೇಕು. ತಂದೆಯ ಗಾಡಿಯನ್ನು ಉಳಿಸಿಕೊಂಡ ಮಗನಿಗೆ ಇಷ್ಟು ಶ್ರಮ ಹೆಚ್ಚಲ್ಲ. ಮುಂದಿನ ಭಾನುವಾರ ಅದೇ ಗೂಡಿನಲ್ಲಿ, ಅವನ ಪಕ್ಕದಲ್ಲಿ, ಅವನ ಮಕ್ಕಳು ಕೂತಿರುತ್ತಾರೆ.