ಪಗಾರ ಕೇಳಿದಿರಿ, ವೀಸಾ ಕೇಳಿದಿರಾ?

ತುಳಸಿ ಲಗ್ನ ಮುಗಿಯಿತೆಂದರೆ ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಕನ್ಯೆ ನೋಡುವ ಓಡಾಟ ಶುರು. ಹುಡುಗ ಊರಲ್ಲೇ ಇದ್ದು ಒಕ್ಕಲುತನ ಮಾಡುವವನಾದರೆ ಹೆಣ್ಣಿನ ಕಡೆಯವರ ತನಿಖೆಗೆ ಮಿತಿಯಿಲ್ಲ. ಹೊಲ ಎಷ್ಟು ಎಕರೆ, ಕಾಲುವೆ ನೀರು ಹತ್ತುತ್ತದೋ ಇಲ್ಲವೋ, ಸೊಸೈಟಿ ಸಾಲ ಎಷ್ಟಿದೆ, ಅಣ್ಣತಮ್ಮಂದಿರ ಹಿಸ್ಸೆ ಆಗಿದೆಯೋ? ಅದೇ ಹುಡುಗ ಡಲ್ಲಾಸಿನಲ್ಲೋ ಲಂಡನ್ನಿನಲ್ಲೋ ಇದ್ದಾನೆಂದರೆ ಪ್ರಶ್ನೆ ಒಂದೇ: "ಪಗಾರ ಎಷ್ಟ ಬರತೈತ್ರೀ?" ಉಳಿದದ್ದಕ್ಕೆಲ್ಲ ಬೀಗರ ಒಂದು ಮಾತು ಸಾಕು: "ವೀಸಾ ಬಂದ ಕೂಡ್ಲೇ ಕರಕೊಂಡ ಹೋಗ್ತಾನ." ಉತಾರ ನೋಡದೆ ಎರಡು ಗುಂಟೆ ಜಾಗ ಕೊಳ್ಳದ ಜನ, ವೀಸಾ ಯಾವುದೆಂದು ಕೇಳದೆ ಮಗಳನ್ನು ಕೊಡುತ್ತಿದ್ದೇವೆ. ನನ್ನ ತಕರಾರು ಇಷ್ಟೇ.

ಅಮೆರಿಕದ ಲೆಕ್ಕ ನೋಡಿ. ಎಚ್‌-1ಬಿ ಮೇಲೆ ಹೋದ ಹುಡುಗನ ಹೆಂಡತಿಗೆ ಸಿಗುವುದು ಎಚ್‌-4. ಆಕೆ ಅಲ್ಲಿ ಇರಬಹುದು, ಓದಬಹುದು, ದುಡಿಯುವಂತಿಲ್ಲ. 2015ರ ಮೇ ತಿಂಗಳಿಂದ ಒಂದು ಕಿಂಡಿ ತೆರೆದಿದೆ: ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಎಂಬ ಅರ್ಜಿ ಮಂಜೂರಾಗಿದ್ದರೆ ಹೆಂಡತಿ ಕೆಲಸದ ಪರವಾನಗಿ ಕೇಳಬಹುದು. ಅದು ಆಗುವ ತನಕ, ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಹುಬ್ಬಳ್ಳಿಯಲ್ಲಿ ಸ್ವಂತ ಪಗಾರ ಎಣಿಸುತ್ತಿದ್ದವಳು ಅಲ್ಲಿ ಪ್ರತಿ ಖರ್ಚಿಗೂ ಗಂಡನ ಮುಖ ನೋಡಬೇಕು. ಆತನ ನೌಕರಿ ಹೋದರೆ ಆಕೆಯ ವೀಸಾಕ್ಕೂ ಆಧಾರವಿಲ್ಲ. ಹುಡುಗನಿಗೆ ಗ್ರೀನ್ ಕಾರ್ಡೇ ಬಂದಿದೆಯೆಂದರೆ ನಮ್ಮವರು ಇನ್ನಷ್ಟು ಹಿಗ್ಗುತ್ತಾರೆ. ಅಲ್ಲಿಯ ಕಾಯ್ದೆ ಮಾತ್ರ ಉಲ್ಟಾ. ಅಮೆರಿಕದ ಪೌರನ ಹೆಂಡತಿಗೆ ವರ್ಷಕ್ಕಿಷ್ಟೇ ವೀಸಾ ಎಂಬ ಮಿತಿಯಿಲ್ಲ. ಬರೀ ಗ್ರೀನ್ ಕಾರ್ಡ್ ಇದ್ದವನು ಆಮೇಲೆ ಮದುವೆಯಾದರೆ ಹೆಂಡತಿ ಸರದಿಯಲ್ಲಿ ನಿಲ್ಲಬೇಕು. ಎಚ್‌-1ಬಿ ಹುಡುಗನ ಹೆಂಡತಿ ಎಷ್ಟೋ ಸಲ ಈಕೆಗಿಂತ ಮುಂಚೆ ವಿಮಾನ ಹತ್ತುತ್ತಾಳೆ.

ಇಂಗ್ಲೆಂಡಿನದು ಬೇರೆ ಕತೆ. ಎಂ.ಎಸ್ಸಿ. ಓದಲು ಹೋದ ಹುಡುಗ ಹೆಂಡತಿಯನ್ನು ಕರೆಸಿಕೊಳ್ಳುವ ದಾರಿ 2024ರ ಜನವರಿಯಲ್ಲಿ ಮುಚ್ಚಿತು. ಸಂಶೋಧನಾ ಪದವಿಗೆ ವಿನಾಯಿತಿ ಉಳಿದಿದೆ. ಅಲ್ಲೇ ನೆಲೆಸಿದವನಾದರೂ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. 2024ರ ಏಪ್ರಿಲ್‌ವರೆಗೆ ಅದು 18,600 ಇತ್ತು. ಜರ್ಮನಿಗಾದರೆ ಹುಡುಗಿ ಹೊರಡುವ ಮೊದಲೇ ಜರ್ಮನ್ ಭಾಷೆಯ ಎ1 ಪರೀಕ್ಷೆ ಪಾಸಾಗಬೇಕು. ಗಂಡ ಬ್ಲೂ ಕಾರ್ಡ್ ಎಂಬ ನೌಕರಿ ಪರವಾನಗಿಯವನಾದರೆ ಬೇಕಿಲ್ಲ. ನಿಯಮಗಳು ಹೀಗೆ ವರ್ಷ ವರ್ಷ ಬದಲಾಗುತ್ತವೆ. ಹೋದ ಸಲ ಮಾವನ ಮಗನ ಹೆಂಡತಿ ಹೋದಳೆಂಬುದು ಈ ಸಲಕ್ಕೆ ಆಧಾರವಲ್ಲ.

ಇಷ್ಟೆಲ್ಲ ಸರಿಯಿದ್ದರೂ ನಮ್ಮವರು ಎಡವುವುದು ಊರಿನ ಕಾಗದದಲ್ಲೇ. ಎರಡು ಸಾವಿರ ಜನ ಅಕ್ಕಿಕಾಳು ಹಾಕಿದ ಲಗ್ನಕ್ಕೆ ಒಂದು ಪ್ರಮಾಣಪತ್ರ ಇರುವುದಿಲ್ಲ. ಹಿಂದೂ ವಿವಾಹ ಕಾಯ್ದೆ ಪ್ರಕಾರ ನೋಂದಣಿ ಆಗದಿದ್ದರೂ ಲಗ್ನ ಊರ್ಜಿತವೇ, ನಿಜ. ಆದರೆ ವೀಸಾ ಕೊಡುವವನಿಗೆ ನಮ್ಮ ಲಗ್ನಪತ್ರಿಕೆ ಯಾವ ಲೆಕ್ಕ? ಎಲ್ಲ ಮದುವೆಗಳ ನೋಂದಣಿ ಕಡ್ಡಾಯವಾಗಲಿ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿತು. ತಾಲೂಕಿನ ಉಪನೋಂದಣಿ ಕಚೇರಿಯಲ್ಲಿ ಆ ಕೆಲಸ ಆಗುತ್ತದೆ. 2024ರಿಂದ ಕಾವೇರಿ 2.0 ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ಆದರೂ ಹುಡುಗನ ಮೂರು ವಾರದ ಸೂಟಿ ಬಾಸಿಂಗ, ಬೀಗರೂಟ, ದೇವರ ದರ್ಶನಗಳಲ್ಲಿ ಮುಗಿದು, ಆತ ವಿಮಾನ ಹತ್ತಿದ ಮೇಲೆ ಮಾವನವರಿಗೆ ಕಚೇರಿ ನೆನಪಾಗುತ್ತದೆ.

ಅದಕ್ಕಿಂತ ದೊಡ್ಡ ಗೋಜಲು ಹೆಸರಿನದು. ನಮ್ಮದು ಹಳೆ ಮುಂಬಯಿ ಪ್ರಾಂತ್ಯದ ರೂಢಿ: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಲಗ್ನವಾದರೆ ಅಪ್ಪನ ಜಾಗಕ್ಕೆ ಗಂಡ ಬರುತ್ತಾನೆ, ಅಡ್ಡಹೆಸರೂ ಬದಲು. ಕೆಲವು ಮನೆತನಗಳಲ್ಲಿ ಹುಡುಗಿಯ ಸ್ವಂತ ಹೆಸರನ್ನೂ ಬಿಡುವುದಿಲ್ಲ. ಶಾಲೆಯ ದಾಖಲೆಯಲ್ಲಿ ನೀಲವ್ವ, ಆಧಾರಿನಲ್ಲಿ ನೀಲಮ್ಮ, ಲಗ್ನಪತ್ರಿಕೆಯಲ್ಲಿ ಚಿ.ಸೌ. ನೀಲಾಂಬಿಕೆ, ಗಂಡನ ಮನೆಯಲ್ಲಿ ಮತ್ತೊಂದು. ಹುಟ್ಟಿದ ದಿನವೋ, ಮಾಸ್ತರರು ಬರೆದುಕೊಂಡ ಜೂನ್ 1. ಊರಿಗೆ ಇವರೆಲ್ಲ ಒಬ್ಬಳೇ. ಸಾವಿರಾರು ಮೈಲಿ ದೂರದಲ್ಲಿ ಕಡತ ತೆರೆದವನಿಗೆ ನಾಲ್ಕು ಹೆಂಗಸರು. ಆತ ಅನುಮಾನಪಟ್ಟರೆ ತಪ್ಪೆನ್ನಲಾರೆ. ಮೊದಲು ಎಲ್ಲ ಕಾಗದದಲ್ಲೂ ಒಂದೇ ಹೆಸರು, ಆಮೇಲೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ, ಆಮೇಲೆ ಲಗ್ನ — ಈ ಕ್ರಮ ತಪ್ಪಿದರೆ ಅಫಿಡವಿಟ್ಟುಗಳ ಹಿಂದೆ ವರ್ಷ ಕಳೆಯುತ್ತದೆ. ಗಂಡನ ಹೆಸರು ಹಚ್ಚಿಕೊಳ್ಳಲೇಬೇಕೆಂದು ಯಾವ ಕಾಯ್ದೆಯೂ ಹೇಳಿಲ್ಲ ಎಂಬುದನ್ನು ಅತ್ತೆಯರ ಗಮನಕ್ಕೆ ತರುತ್ತೇನೆ.

ಯಾರೂ ಬಾಯಿಬಿಡದ ಇನ್ನೊಂದು ಸಂಗತಿಯಿದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ. ರೂಢಿಯಿದ್ದಲ್ಲಿ ನಮ್ಮ ಕಾಯ್ದೆ ಅದನ್ನು ಒಪ್ಪುತ್ತದೆ. ಇಂಗ್ಲೆಂಡಿನಲ್ಲಿ ಮಾತ್ರ ಸೋದರಮಾವ-ಸೊಸೆಯ ಮದುವೆ 1949ರ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿದೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾಯ್ದೆ. ತಾಯಿಗೆ ಮಲಸಹೋದರನಾದ ಮಾವನನ್ನು ಮದುವೆಯಾಗಿ, ಗಡೀಪಾರಿನ ಅಂಚಿಗೆ ಬಂದಿದ್ದ ವಿಯೆಟ್ನಾಂ ಮೂಲದ ಒಬ್ಬ ಹೆಣ್ಣುಮಗಳ ಮದುವೆ ಸಿಂಧುವೆಂದು ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿತು. ಸ್ವಂತ ಸೋದರಮಾವನಾಗಿದ್ದರೆ ಆ ತೀರ್ಪಿನ ನೆರಳು ಸಿಗುತ್ತಿರಲಿಲ್ಲ. ನಂಟಸ್ತಿಕೆ ಗಟ್ಟಿಯಾಗಲೆಂದು ಪರದೇಶದ ತಮ್ಮನಿಗೆ ಮಗಳನ್ನು ಕೊಡುವ ಅಕ್ಕಂದಿರು ಮೊದಲು ವಕೀಲರೊಬ್ಬರ ಮನೆ ಮೆಟ್ಟಿಲು ಹತ್ತುವುದು ಒಳ್ಳೆಯದು.

ಇನ್ನು ಕಾಯುವವಳ ಮಾತು. ಲಗ್ನವಾಗಿ ಗಂಡ ಹೋದ; ಈಕೆ ಅತ್ತೆಯ ಮನೆಯಲ್ಲಿ. ಇದ್ದ ನೌಕರಿ "ಹೆಂಗೂ ಹೋಗೂಕೆ ಅಲ್ಲ" ಎಂದು ಬಿಡಿಸಿರುತ್ತಾರೆ. ಕಲಘಟಗಿಯ ಸಂತೆಗೆ ಹೋದರೂ "ವೀಸಾ ಬಂತೇನವಾ?" ಎಂಬ ಪ್ರಶ್ನೆ. ಅರ್ಜಿ ನಿಜವಾಗಿ ಹಾಕಿದ್ದಾರೋ ಇಲ್ಲವೋ ಎಂದು ನೋಡುವ ಪಾಸ್‌ವರ್ಡೂ ಆಕೆಯ ಬಳಿ ಇಲ್ಲ. ಬಹುಪಾಲು ಗಂಡಂದಿರು ಮೋಸಗಾರರೇನಲ್ಲ, ತಡವೂ ನಿಜವಾದ ತಡವೇ. ಆದರೂ ಹೀಗೆ ಬಿಟ್ಟುಹೋದವರ ವಿರುದ್ಧ ದೂರು ಕೇಳಲೆಂದೇ ರಾಷ್ಟ್ರೀಯ ಮಹಿಳಾ ಆಯೋಗ 2009ರಲ್ಲಿ ಅನಿವಾಸಿ ವಿಭಾಗ ತೆರೆಯಬೇಕಾಯಿತು. ಅನಿವಾಸಿಯ ಮದುವೆ 30 ದಿನದಲ್ಲಿ ನೋಂದಣಿಯಾಗಬೇಕು, ತಪ್ಪಿದರೆ ಪಾಸ್‌ಪೋರ್ಟ್ ಮುಟ್ಟುಗೋಲು ಎಂಬ ಮಸೂದೆ 2019ರ ಫೆಬ್ರವರಿಯಲ್ಲಿ ರಾಜ್ಯಸಭೆಗೆ ಬಂದು, ಅಲ್ಲಿಂದ ಸ್ಥಾಯಿ ಸಮಿತಿಗೆ ಹೋಯಿತು. 2024ರಲ್ಲಿ ಕಾನೂನು ಆಯೋಗವೂ ತನ್ನ 287ನೇ ವರದಿಯಲ್ಲಿ ಕಡ್ಡಾಯ ನೋಂದಣಿಯನ್ನು ಶಿಫಾರಸು ಮಾಡಿತು. ದಿಲ್ಲಿಯವರ ಪುರಸೊತ್ತಿಗೆ ನಮ್ಮ ಹುಡುಗಿಯರು ಕಾಯಬೇಕಿಲ್ಲ.

ಸಾಮೂಹಿಕ ಲಗ್ನ ಮಾಡಿಸುವ ನಮ್ಮ ಮಠಗಳು, ಟ್ರಸ್ಟುಗಳು ಅಂದೇ ನೋಂದಣಿ ಅರ್ಜಿ ತುಂಬಿಸುವ ಒಂದು ಮೇಜನ್ನು ಮಂಟಪದ ಪಕ್ಕದಲ್ಲಿ ಹಾಕಿಸಲಿ; ಊಟದ ಖರ್ಚಿನ ಮುಂದೆ ಅದು ಏನೂ ಅಲ್ಲ. ಹೆಣ್ಣು ಹೆತ್ತವರೇ, ಮಾತುಕತೆಯ ದಿನವೇ ಹುಡುಗನ ವೀಸಾ ಪುಟದ ಪ್ರತಿ ಕೇಳಿ. ಕೊಡಲು ಹಿಂಜರಿದರೆ ಎಲೆ ಅಡಿಕೆ ತಟ್ಟೆ ಹಿಂದಕ್ಕೆ ಸರಿಸಿ.