ಕಾಗದದ ಬಾಯಿಯ ಮೀನು

ಸಂಘದ ಯುಗಾದಿ ಕಾರ್ಯಕ್ರಮದಲ್ಲಿ, ಊಟದ ಸಾಲಿನಲ್ಲಿ ಸಿಕ್ಕಿದ ಓದುಗರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, "ನಾವೂ ಮಗನ ಮನೆಗೆ ಅಮೆರಿಕಕ್ಕೆ ಹೊರಟಿದ್ದೇವೆ ಅಕ್ಕಾ. ಹೋಗುವುದೇನೋ ಸರಿ, ಆರು ತಿಂಗಳು ಅಲ್ಲಿ ಮಾಡುವುದೇನು?" ಎಂದು ಕೇಳಿದರು. ಹೋಳಿಗೆ ಬಡಿಸುವ ಹೊತ್ತು, ಉತ್ತರ ಕೊಡಲಾಗಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ. ನಮಗೆ ಆದದ್ದೇ ನಿಮಗೂ ಆಗಬೇಕೆಂದೇನಿಲ್ಲ. ಸಸ್ಯಾಹಾರಿ ಓದುಗರು ಮಾತ್ರ ದಯವಿಟ್ಟು ಕ್ಷಮಿಸಬೇಕು, ಈ ತಿಂಗಳ ಪುಟಕ್ಕೆ ಮೀನಿನ ವಾಸನೆಯಿದೆ.

2018ರ ಮಾರ್ಚಿನಲ್ಲಿ ನಾವು ಡಲ್ಲಾಸ್ ಬಳಿಯಿರುವ ಮಗಳ ಮನೆಗೆ ಹೋದೆವು. ಊರು ನೋಡುವ ಉತ್ಸಾಹದಿಂದ ಹೋದದ್ದಲ್ಲ. ಅದಕ್ಕೆ ಎಂಟು ತಿಂಗಳ ಹಿಂದೆ ನಮ್ಮವರಿಗೆ ಪಾರ್ಶ್ವವಾಯು ಬಡಿದಿತ್ತು. ಕಾಲು ಸರಿಹೋಯಿತು, ಮಾತೂ ತಿರುಗಿ ಬಂತು. ಬಲಗೈ ಮಾತ್ರ ಅರ್ಧಕ್ಕೇ ನಿಂತಿತು. ಮೂವತ್ತು ವರ್ಷ ಆಫೀಸಿನಲ್ಲಿ ಲೆಕ್ಕ ಬರೆದ ಕೈ ಅದು. ಐವತ್ತೊಂಬತ್ತನೇ ವಯಸ್ಸಿಗೆ ಚಮಚ ಹಿಡಿಯಲು ನಡುಗಿದಾಗ ಅವರಿಗೆ ಆದ ಅವಮಾನ ನನಗೆ ಗೊತ್ತು. ಮಾತು ಬಂದರೂ ಆಡುವುದನ್ನು ಬಿಟ್ಟರು. ಡಾಕ್ಟರು ಒತ್ತಲು ಕೊಟ್ಟ ರಬ್ಬರ್ ಚೆಂಡು ಡೊಂಬಿವಲಿಯಿಂದ ಟೆಕ್ಸಾಸಿನವರೆಗೆ ಬಂದು, ಅಲ್ಲಿಯೂ ಕಿಟಕಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿತು. ಗಾಳಿ ಬದಲಾದರೆ ಸರಿಹೋದಾರು ಎಂದು ಮಗಳು ಕರೆಸಿಕೊಂಡದ್ದು. ಗಾಳಿ ಬದಲಾಯಿತು, ಇವರು ಬದಲಾಗಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿದ್ದವರು. ಬೆಳಿಗ್ಗೆ ಏಳಕ್ಕೆಲ್ಲ ತಮ್ಮ ಗಾಡಿಗೆ ಕೋಲು, ಬಕೆಟ್ಟು, ಮಡಚುವ ಕುರ್ಚಿ ತುಂಬಿಕೊಂಡು ಹೊರಡುವರು. ಒಂದು ದಿನ ನಮ್ಮವರು ಬೇಲಿಯ ಬಳಿ ನಿಂತು ಆ ಕೋಲನ್ನೇ ನೋಡುತ್ತಿದ್ದುದನ್ನು ಅವರು ಕಂಡರು. "ಬರುತ್ತೀರಾ?" ಎಂದರು. ನಮ್ಮವರು ಹುಟ್ಟಿ ಬೆಳೆದದ್ದು ಉಡುಪಿಯ ಹತ್ತಿರ, ಸ್ವರ್ಣಾ ನದಿಯ ದಡದಲ್ಲಿ. ಬಿದಿರಿನ ಕೋಲಿಗೆ ತಂಗೂಸಿ ದಾರ ಕಟ್ಟಿ, ಸಿಗಡಿ ಚುಚ್ಚಿ, ಇರ್ಪೆ, ಕಾಣೆ ಹಿಡಿದ ಹುಡುಗ. ಮುಂಬಯಿಗೆ ಬಂದ ಮೇಲೆ ಗಾಳ ಮುಟ್ಟಿದವರಲ್ಲ. ನಾನೇ ಮುಂದೆ ಬಿದ್ದು "ಬರುತ್ತೇವೆ" ಎಂದೆ. ಬಿ.ಎ.ಯಲ್ಲಿ ಕಲಿತ ಇಂಗ್ಲಿಷು ಹೀಗೆ ಅಡ್ಡಬಾಯಿ ಹಾಕುವುದಕ್ಕಾದರೂ ಉಪಯೋಗಕ್ಕೆ ಬಂತು.

ಅಜ್ಜ ಹಿಡಿಯುವ ಮೀನಿನ ಹೆಸರು ಕ್ರ್ಯಾಪಿ. ಅದರ ಸ್ಪೆಲ್ಲಿಂಗು ನೋಡಿ ನನಗೆ ಮುಜುಗರವಾಯಿತು. ಏಕೆಂದು ಮಕ್ಕಳನ್ನು ಕೇಳಿ, ಹೇಳಿಯಾರು. ಅಲ್ಲಿಯವರು ಬಹುಮಂದಿ ಅದನ್ನು 'ಕ್ರಾಪಿ' ಎಂದೇ ಕರೆಯುತ್ತಾರೆ, ನನಗೂ ಅದೇ ಸಲೀಸು. ಲೂಯಿಸಿಯಾನದ ಕಡೆ ಅದಕ್ಕೆ 'ಸಾಕಲೇ' ಎನ್ನುತ್ತಾರಂತೆ. ಉತ್ತರ ಅಮೆರಿಕದ ಸಿಹಿನೀರಿನ ಮೀನು, ನಮ್ಮಲ್ಲಿಲ್ಲ. ಅಂಗೈಗಿಂತ ತುಸು ದೊಡ್ಡದು, ಮಾಂಜಿಯ ಹಾಗೆ ಚಪ್ಪಟೆ, ಬೆಳ್ಳಿ ಮೈ. ಎರಡು ಜಾತಿ: ಬಿಳಿಯದಕ್ಕೆ ಮೈಮೇಲೆ ಉದ್ದುದ್ದ ಪಟ್ಟೆ, ಕರಿಯದಕ್ಕೆ ಸಾಸಿವೆ ಚೆಲ್ಲಿದಂತೆ ಚುಕ್ಕೆ. ಸಂಶಯ ಬಂದರೆ ಬೆನ್ನಿನ ಮುಳ್ಳು ಎಣಿಸಬೇಕು. ಬಿಳಿಯದಕ್ಕೆ ಐದೋ ಆರೋ, ಕರಿಯದಕ್ಕೆ ಏಳೋ ಎಂಟೋ. ಇವೆಲ್ಲಕ್ಕಿಂತ ಮುಖ್ಯವಾದದ್ದು ಅದರ ಬಾಯಿ. ತುಟಿಯ ಸುತ್ತಲ ಚರ್ಮ ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ. ಅದಕ್ಕೇ 'ಕಾಗದದ ಬಾಯಿ' ಎಂದು ಅಡ್ಡಹೆಸರು. ಈ ಬಾಯಿಯಿಂದಲೇ ನಮ್ಮ ಕತೆ ನಡೆದದ್ದು.

ಕೆರೆಯ ಹೆಸರು ಲೂಯಿಸ್‌ವಿಲ್. ಕೆರೆ ಎಂದರೆ ಟ್ರಿನಿಟಿ ನದಿಯ ಒಂದು ಕವಲಿಗೆ ಅಡ್ಡಕಟ್ಟಿದ ಅಣೆಕಟ್ಟಿನ ಹಿನ್ನೀರು. ಚಳಿಗಾಲದಲ್ಲಿ ಆಳಕ್ಕಿಳಿದ ಮೀನು ವಸಂತದಲ್ಲಿ ಮೊಟ್ಟೆಯಿಡಲು ದಡದ ಪೊದೆಗಳ ಹತ್ತಿರ ಬರುತ್ತದೆ. ನೀರಿನ ಬಿಸಿ 60 ಡಿಗ್ರಿ ಫ್ಯಾರನ್‌ಹೀಟ್ ದಾಟಬೇಕು. ಅಜ್ಜ ಒಂದು ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಟ್ಟು ನೋಡುತ್ತಿದ್ದರು, ಜ್ವರ ಬಂದ ಮಗುವಿಗೆ ನೋಡಿದ ಹಾಗೆ. ಮೊಟ್ಟೆಯಿಟ್ಟ ಮೇಲೆ ಹೆಣ್ಣು ತನ್ನ ಪಾಡಿಗೆ ಹೊರಟುಹೋಗುತ್ತದಂತೆ, ಗೂಡು ಕಾಯುವುದು ಗಂಡು. ಇದನ್ನು ಕೇಳಿ ನನಗೆ ಆ ಮೀನಿನ ಮೇಲೆ ಗೌರವ ಹೆಚ್ಚಿತು.

ಈಗ ಸಾಮಾನಿನ ವಿಷಯ. ದೊಡ್ಡ ಮೀನಿಗೆ ದೊಡ್ಡ ಕೋಲು ಎಂದು ನಾವು ತಿಳಿದವರು. ಇಲ್ಲಿ ಎಲ್ಲವೂ ಆಟಿಕೆಯಂತೆ. ಆರಡಿಯ ಸಣ್ಣ ಕೋಲು, ತುದಿಯಲ್ಲಿ ತೆಂಗಿನ ಕಡ್ಡಿಯಷ್ಟು ಬಳುಕು. ರೀಲೂ ಸೇರಿ ತೂಕ ಕಾಲು ಕಿಲೋ, ಮೇಲೆ ಚಿಲ್ಲರೆ. ದಾರ 4 ಪೌಂಡು, ಹೆಚ್ಚೆಂದರೆ 6 ಪೌಂಡು ತಾಳುವಂಥದು. ಎರೆ ಎಂದರೆ 'ಜಿಗ್': ಕೊಕ್ಕೆಯ ಕುತ್ತಿಗೆಗೆ ಎರಕ ಹೊಯ್ದ ಸೀಸದ ಗುಂಡು, ಅದಕ್ಕೆ ಮೆತ್ತನೆಯ ರಬ್ಬರಿನ ಮೈಯೋ ಗರಿಯ ಕುಚ್ಚೋ ತೊಡಿಸಿದ್ದು. ತೂಕ ಔನ್ಸಿನ ಹದಿನಾರನೇ ಒಂದು ಪಾಲು, ಎಂದರೆ ಎರಡು ಗ್ರಾಮೂ ಇಲ್ಲ. ಅದರ ಅರ್ಧ ತೂಕದ್ದೂ ಉಂಟು. ಹಳದಿ, ಗುಲಾಬಿ, ಬಿಳಿ, ಗಿಳಿಹಸಿರು, ಅಜ್ಜನ ಡಬ್ಬಿ ತೆರೆದರೆ ನನ್ನ ಹೊಲಿಗೆಯ ಗುಂಡಿ ಡಬ್ಬಿಯೇ. ಮೇಲೆ ಎರಡು ಮೂರಡಿ ಬಿಟ್ಟು ಒಂದು ಪುಟ್ಟ ಬೆಂಡು.

ಈ ಮೀನಿನ ಕಣ್ಣು ತಲೆಯ ಮೇಲ್ಭಾಗದಲ್ಲಿದೆ. ಮೇಲೆ ನೋಡಿಯೇ ತಿನ್ನುತ್ತದೆ, ಕೆಳಗಿದ್ದದ್ದಕ್ಕೆ ತಲೆ ಬಗ್ಗಿಸುವುದು ಕಡಿಮೆ. ಆದ್ದರಿಂದ ಜಿಗ್ ಅದರ ನೆತ್ತಿಯ ಮೇಲೆ ತೂಗಬೇಕು. ಸುಮ್ಮನೆ ತೂಗಿದರೂ ಸಾಕು, ಅಲೆಗೆ ಬೆಂಡು ಅಲುಗಿದಷ್ಟೇ ಕುಣಿತ. ಕಚ್ಚಿದಾಗ ಬೆಂಡು ಮುಳುಗಬೇಕೆಂದೇನೂ ಇಲ್ಲ. ಕೆಲವೊಮ್ಮೆ ನೆಟ್ಟಗಿದ್ದ ಬೆಂಡು ಮೆಲ್ಲಗೆ ಅಡ್ಡ ಮಲಗುತ್ತದೆ. ಮೀನು ಜಿಗ್ಗನ್ನು ಬಾಯಲ್ಲಿಟ್ಟುಕೊಂಡು ಮೇಲೆ ಬಂತು, ಭಾರ ಇಲ್ಲವಾಯಿತು ಎಂದರ್ಥ. ಆಗ ಮಾಡಬೇಕಾದ್ದು ಇಷ್ಟೇ, ಮಣಿಕಟ್ಟನ್ನು ಸ್ವಲ್ಪ ಎತ್ತುವುದು. ಜಗ್ಗಿದರೆ ಬಾಯಿ ಹರಿಯಿತು, ಮೀನು ಹೋಯಿತು.

ನಮ್ಮವರು ಜಗ್ಗಿದರು. ಸ್ವರ್ಣಾ ನದಿಯಲ್ಲಿ ಕಲಿತದ್ದೇ ಅದು. ಅಜ್ಜ ರೀಲಿನ ಹಿಡಿಯನ್ನು ಬಲಗಡೆಗೆ ತಿರುಗಿಸಿ ಕೊಟ್ಟಿದ್ದರು (ಆ ರೀಲುಗಳಲ್ಲಿ ಹಿಡಿಯನ್ನು ಬೇಕಾದ ಬದಿಗೆ ಹಾಕಬಹುದು), ಎಡಗೈಯಲ್ಲಿ ಕೋಲು, ಬಲಗೈ ಹಿಡಿಯ ಮೇಲೆ. ಮೊದಲ ದಿನ ಮೂರು ಸಲ ಬೆಂಡು ಮಲಗಿತು, ಮೂರು ಸಲವೂ ಕೋಲನ್ನು ಹೆಗಲಿನವರೆಗೆ ಎಳೆದರು. ಮೂರನೆಯದರಲ್ಲಿ ಕೊಕ್ಕೆಗೆ ತುಟಿಯ ಚೂರು ಅಂಟಿಕೊಂಡು ಬಂತು. ಅದನ್ನು ನೋಡಿ ಕೋಲು ಕೆಳಗಿಟ್ಟು ಕಾರಿನಲ್ಲಿ ಹೋಗಿ ಕೂತುಬಿಟ್ಟರು. ಮರುದಿನ ಕರೆದರೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ನನಗೆ ಸಿಟ್ಟು ಬಂತು. ಅವರ ಮೇಲೋ, ದೇವರ ಮೇಲೋ, ಈಗಲೂ ತಿಳಿಯದು. ನಾನೇ ಹೋದೆ. ನಾಲ್ಕು ದಿನ ಅಜ್ಜನ ಜೊತೆ, ಒಮ್ಮೊಮ್ಮೆ ಮಗಳೂ ಬಂದಳು. ಲೈಸೆನ್ಸು ನಮ್ಮಿಬ್ಬರ ಹೆಸರಿನಲ್ಲೂ ಮಾಡಿಸಿದ್ದಳು, ದುಡ್ಡು ದಂಡವಾಗಬಾರದಲ್ಲ! ಬಿ.ಎ.ಯಲ್ಲಿ ಐಸಾಕ್ ವಾಲ್ಟನ್ 1653ರಲ್ಲಿ ಗಾಳದ ಬಗ್ಗೆ ಪುಸ್ತಕ ಬರೆದ ಎಂದು ಇಸವಿ ಉರುಹೊಡೆದಿದ್ದೆ. ಪುಸ್ತಕ ತೆರೆದಿರಲಿಲ್ಲ, ಗಾಳವನ್ನಂತೂ ಮುಟ್ಟಿಯೇ ಇರಲಿಲ್ಲ. ಗಂಟು ಹಾಕುವುದನ್ನು ಮೊದಲು ಕಲಿತೆ. ದಾರವನ್ನು ಜಿಗ್ಗಿನ ಕಣ್ಣಿಗೆ ಪೋಣಿಸಿ, ಐದು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಬಳಿಯ ಕುಣಿಕೆಯಲ್ಲಿ ತೂರಿಸಿ, ಅದರಿಂದಾದ ದೊಡ್ಡ ಕುಣಿಕೆಯಲ್ಲಿ ಮತ್ತೆ ತೂರಿಸಿ, ಎಂಜಲು ಮುಟ್ಟಿಸಿ ಎಳೆಯಬೇಕು. ಎಂಜಲು ಮುಟ್ಟಿಸದಿದ್ದರೆ ಉಜ್ಜಿ ಬಿಸಿಯಾಗಿ ದಾರ ಸೊರಗುತ್ತದೆ. ಮಲ್ಲಿಗೆ ಕಟ್ಟಿದ ಬೆರಳಿಗೆ ಇದೇನು ಕಷ್ಟ? ಜಿಗ್ ಪೊದೆಗೆ ಸಿಕ್ಕಿಕೊಂಡರೆ ಗಾಬರಿಪಡಬಾರದು. ಕೊಕ್ಕೆ ತೆಳು ತಂತಿಯದು, ಮೆಲ್ಲಗೆ ಎಳೆದರೆ ನೆಟ್ಟಗಾಗಿ ಬಿಟ್ಟುಕೊಂಡು ಬರುತ್ತದೆ, ಮತ್ತೆ ಬಗ್ಗಿಸಿದರಾಯಿತು.

ನಾಲ್ಕನೆಯ ದಿನ ನನಗೆ ಒಂದು ಸಿಕ್ಕಿತು. ಆ ವರ್ಷ ಅಲ್ಲಿ 10 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿರಲಿಲ್ಲ, ದಿನಕ್ಕೆ ಒಬ್ಬರಿಗೆ 25ರ ಮಿತಿ. ಬಾಯಿ ಮುಚ್ಚಿ, ಬಾಲ ಒತ್ತಿ ಅಳೆಯಬೇಕು. ನನ್ನ ಹೊಲಿಗೆಯ ಟೇಪಿನಲ್ಲಿ ಅದು ಒಂಬತ್ತೂವರೆ. ನೀರಿಗೆ ಬಿಟ್ಟೆ. ಮನೆಗೆ ಬಂದು, ಇವರ ಕಡೆ ನೋಡದೆ ಮಗಳಿಗೆ ಹೇಳುವಂತೆ ಹೇಳಿದೆ. ಸೋಫಾದಿಂದ ದನಿ ಬಂತು: "ಎಷ್ಟು ಇಂಚು?"

ವಾರಗಟ್ಟಲೆಯಲ್ಲಿ ಅವರು ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು. "ಒಂಬತ್ತೂವರೆ" ಎಂದೆ. "ಜಗ್ಗಿದೆಯಾ?" "ಇಲ್ಲ." ಸ್ವಲ್ಪ ಹೊತ್ತು ಬಿಟ್ಟು, "ನಾಳೆ ನಾನೂ ಬರುತ್ತೇನೆ ಮಾರಾಯ್ತಿ" ಎಂದರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಮುಂದೆ ಏನೂ ಪವಾಡವಾಗಲಿಲ್ಲ. ಮೀನು ತಪ್ಪಿಸಿಕೊಂಡವು, ಬೈದರು, ಅಜ್ಜನ ಎರಡು ಜಿಗ್ ಕಳೆದರು. ಆದರೆ ರೀಲು ಸುತ್ತಲು ಬಲಗೈ ಬೇಕೇ ಬೇಕಲ್ಲ. ದಿನಕ್ಕೆ ಮುನ್ನೂರು ನಾನೂರು ಸುತ್ತು ಆಗುತ್ತಿತ್ತೋ ಏನೋ. ಚೆಂಡು ಒತ್ತು ಎಂದರೆ ಒತ್ತದವರು ಮೀನಿಗಾಗಿ ಸುತ್ತಿದರು. ಮೇ ತಿಂಗಳಲ್ಲಿ ಅಜ್ಜ ಬೇಲಿಯಾಚೆಯಿಂದ ಕೂಗಿ ಸುದ್ದಿ ಹೇಳಿದರು: ಟೆನೆಸ್ಸಿಯ ಒಂದು ಹೊಂಡದಲ್ಲಿ ಯಾರಿಗೋ 5 ಪೌಂಡು 7 ಔನ್ಸಿನ ಕರಿ ಕ್ರಾಪಿ ಸಿಕ್ಕಿದೆಯಂತೆ. ನಮ್ಮ ಲೆಕ್ಕದಲ್ಲಿ ಎರಡೂವರೆ ಕಿಲೋಗೆ ತುಸು ಕಡಿಮೆ. ಅದು ವಿಶ್ವದಾಖಲೆಯೇ ಆಯಿತು. ಬಿಳಿಯದರ ದಾಖಲೆ 1957ರದು, ಮಿಸಿಸಿಪ್ಪಿಯ ಎನಿಡ್‌ನಲ್ಲಿ, 5 ಪೌಂಡು 3 ಔನ್ಸು. ನಮಗೆ ಅರ್ಧ ಪೌಂಡಿನದು ಸಿಕ್ಕರೆ ಹಬ್ಬ. ಅದೇ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ನಮ್ಮವರು ಯಾರಿಗೂ ಹೇಳದೆ ರೀಲಿನ ಹಿಡಿ ಬಿಚ್ಚಿ ಎಡಗಡೆಗೆ ಹಾಕಿಕೊಂಡರು. ಕೋಲು ಬಲಗೈಗೆ ಬಂತು. ತುದಿ ನಡುಗುತ್ತಿತ್ತು. ಅಜ್ಜ ನೋಡಿ, ಆ ನಡುಕಕ್ಕೆ ಜಿಗ್ ಚೆನ್ನಾಗಿ ಕುಣಿಯುತ್ತದೆ, ತನಗೆ ಹಾಗೆ ಬರುವುದಿಲ್ಲ ಎಂದರು. ಸಮಾಧಾನಕ್ಕೆ ಹೇಳಿದ್ದೋ ನಿಜವೋ, ಆ ದಿನ ಐದು ಸಿಕ್ಕಿದವು.

ಅಡುಗೆ ಹೇಳದೆ ಬಿಟ್ಟರೆ ನೀವು ಬಿಡುವುದಿಲ್ಲ. ಅಲ್ಲಿಯವರು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರೆ. ಮಾಂಸ ಬಿಳಿ, ಮೆತ್ತಗೆ, ಸ್ವಲ್ಪ ಸಿಹಿ. ನಾನು ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದು ಹಚ್ಚಿ ರವೆಯಲ್ಲಿ ಹೊರಳಿಸಿದೆ. ಹುಣಸೆ ಮೆಕ್ಸಿಕೋದವರ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲಿಂದ ಹೊರಬೇಡಿ. ಬಂಗುಡೆಯ ಖಾರ ಇದಕ್ಕೆ ಹೆಚ್ಚಾಯಿತು, ಅರ್ಧ ಸಾಕು. ಅಜ್ಜ ಕಣ್ಣೀರು ಸುರಿಸಿಕೊಂಡೇ ನಾಲ್ಕು ತಿಂದರು.

ಹೊರಡುವಾಗ ಅವರು ಎರಡು ತುಂಡಾಗುವ ಒಂದು ಕೋಲು, ಒಂದು ಡಬ್ಬಿ ಜಿಗ್ ಕೊಟ್ಟರು. ಈಗ ಊರಿಗೆ ಹೋದಾಗಲೆಲ್ಲ ಸ್ವರ್ಣೆಯ ದಡಕ್ಕೆ ಅದೇ ಕೋಲು ಹೋಗುತ್ತದೆ. ಅಲ್ಲಿಯ ಮೀನಿನ ಬಾಯಿ ಗಟ್ಟಿ, ಆದರೂ ಜಗ್ಗುವುದಿಲ್ಲ. ಮೊದಮೊದಲು ಗಂಟು ನಾನೇ ಹಾಕಿಕೊಡಬೇಕಿತ್ತು. ಈಗ ಕನ್ನಡಕ ಮೂಗಿಗೇರಿಸಿ ಅವರೇ ಹಾಕುತ್ತಾರೆ, ಕಾಲು ಗಂಟೆ ಹಿಡಿಯುತ್ತದೆ. ನಾನು ಐದು ಸುತ್ತು ಹಾಕುತ್ತಿದ್ದೆನಲ್ಲ, ಅವರದು ಆರು.